ಎದೆಬಡಿತದ ಒಂದು ತೊಂದರೆ ಇನ್ನೊಂದನ್ನು ಕರೆತಂದಾಗ: ಮನೆಯವರು ಮಾಡಬೇಕಾದ ಕೆಲಸಗಳು

ಅಮ್ಮನ ಫೈಲಿನಲ್ಲಿರುವ ಮೊಟ್ಟಮೊದಲ ಇಸಿಜಿ ಕಾಗದ ಈಗ ಖಾಲಿ. ಗುಲಾಬಿ ಚೌಕಗಳು ಮಸುಕಾಗಿ ಕಾಣುತ್ತವೆ, ಅವುಗಳ ಮೇಲೆ ಓಡಬೇಕಿದ್ದ ಕಪ್ಪು ಗೆರೆ ಇಲ್ಲ. ಹಾಳಾಗಬಾರದು ಅಂತಲೇ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿ ಇಟ್ಟಿದ್ದೆ. ಇಸಿಜಿ ಮುದ್ರಣವಾಗುವುದು ಶಾಖಕ್ಕೆ ಕಪ್ಪಾಗುವ ಕಾಗದದ ಮೇಲೆ, ಅಂಗಡಿಯ ಬಿಲ್ಲಿನ ಹಾಗೆ. ಪ್ಲಾಸ್ಟಿಕ್ಕು, ಬಿಸಿ, ಬೆಳಕು ಯಾವುದೂ ಅದಕ್ಕೆ ಆಗಿಬರುವುದಿಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಆರು ವರ್ಷ ಕಳೆದ ಮೇಲೆ ಹೃದಯದ ವಿದ್ಯುತ್ ವ್ಯವಸ್ಥೆಯ ತಜ್ಞರು ಕೇಳಿದ ಮೊದಲ ಪ್ರಶ್ನೆಯೇ ಅದು: "ಎಲ್ಲಕ್ಕಿಂತ ಮೊದಲು ಎದೆ ಓಡಿದಾಗ ತೆಗೆದ ಇಸಿಜಿ ಇದೆಯಾ?" ನಾನು ಕೊಟ್ಟದ್ದು ಆ ಖಾಲಿ ಕಾಗದ.

ಆ ಹೊತ್ತಿಗೆ ಅಮ್ಮನ ತೊಂದರೆಗೆ ಮೂರು ಹೆಸರು ಬಿದ್ದಿದ್ದವು. ಮೊದಲು ಎಸ್‌ವಿಟಿ, ಅಂದರೆ ಎದೆ ಇದ್ದಕ್ಕಿದ್ದಂತೆ ಓಡತೊಡಗುವುದು. ಆಮೇಲೆ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಬಡಿತ ಲಯ ತಪ್ಪಿ ದಿಕ್ಕಾಪಾಲಾಗುವುದು; ಎಲ್ಲರೂ ಚಿಕ್ಕದಾಗಿ ಎಎಫ್ ಅನ್ನುತ್ತಾರೆ. ಕೊನೆಗೆ, ಹೃದಯ ಕೆಲವು ಸೆಕೆಂಡು ಬಡಿಯದೆ ನಿಂತು ಕಣ್ಣು ಕತ್ತಲಾಗಿ ಬೀಳುವುದು. ಮೂರೂ ಬೇರೆ ಬೇರೆ ಕಾಯಿಲೆ, ನಮ್ಮ ಗ್ರಹಚಾರಕ್ಕೆ ಒಂದರ ಹಿಂದೆ ಒಂದು ಬಂದವು ಅಂದುಕೊಂಡಿದ್ದೆವು. ಹಾಗಲ್ಲ, ಒಂದರ ಬಾಲ ಹಿಡಿದು ಇನ್ನೊಂದು ಬಂದಿತ್ತು. ಹಿಂದೆ ಏನಿತ್ತು, ಮುಂದೆ ಏನು ಬರಬಹುದು ಎಂದು ಯಾರಾದರೂ ಮೊದಲೇ ಕೂರಿಸಿ ಹೇಳಿದ್ದರೆ ಅಮ್ಮ ಅಡುಗೆಮನೆಯಲ್ಲಿ ಬಿದ್ದು ಹಣೆ ಒಡೆದುಕೊಳ್ಳುತ್ತಿರಲಿಲ್ಲ ಅಂತ ಇಂದಿಗೂ ಅನ್ನಿಸುತ್ತದೆ. ನಾನು ವೈದ್ಯೆಯಲ್ಲ. ಆದರೆ ಇಷ್ಟು ವರ್ಷ ಫೈಲು ಹಿಡಿದು ಓಡಾಡಿ ಕಲಿತದ್ದನ್ನು ಇಂಥದೇ ಫೈಲು ಹಿಡಿದವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಹೃದಯದ ವೈರಿಂಗ್ ತಿಳಿದುಕೊಳ್ಳಿ

ಹೃದಯದಲ್ಲಿ ಮೇಲೆ ಎರಡು ಕೋಣೆ, ಕೆಳಗೆ ಎರಡು ಕೋಣೆ. ಬಲ ಮೇಲ್ಕೋಣೆಯ ತುದಿಯಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಜಾಗವಿದೆ, ಬಡಿತ ಹುಟ್ಟುವುದು ಅಲ್ಲಿ. 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಇದನ್ನು ಗುರುತಿಸಿದರು. ಮೇಲಿನ ಕೋಣೆಗಳಿಗೂ ಕೆಳಗಿನ ಕೋಣೆಗಳಿಗೂ ನಡುವೆ ಎವಿ ನೋಡ್ ಇದೆ. ಅದನ್ನು ಹಿಂದಿನ ವರ್ಷವಷ್ಟೇ ಜಪಾನಿನ ಸುನಾವೊ ತವಾರಾ ವಿವರಿಸಿದ್ದರು.

ಈ ಎವಿ ನೋಡನ್ನು ನಾನು ಅರ್ಥಮಾಡಿಕೊಂಡದ್ದು ನಮ್ಮೂರ ಕೆರೆಯ ತೂಬಿನಿಂದ. ಕೆರೆಯಲ್ಲಿ ಎಷ್ಟೇ ನೀರು ಉಕ್ಕಲಿ, ತೂಬಿನಿಂದ ಗದ್ದೆಗೆ ಹರಿಯುವುದು ಅದು ಬಿಟ್ಟಷ್ಟೇ. ಎಎಫ್ ಆದಾಗ ಮೇಲಿನ ಕೋಣೆಗಳಲ್ಲಿ ನಿಮಿಷಕ್ಕೆ 350ರಿಂದ 600ರಷ್ಟು ಸಂಕೇತಗಳು ದಿಕ್ಕಾಪಾಲಾಗಿ ಹುಟ್ಟುತ್ತವೆ. ಅವೆಲ್ಲ ಕೆಳಗೆ ಇಳಿದರೆ ಮನುಷ್ಯ ಉಳಿಯುವುದಿಲ್ಲ. ತೂಬು ಬಹುಪಾಲನ್ನು ತಡೆಯುವುದರಿಂದಲೇ ಕೆಳಗಿನ ಕೋಣೆ 120ಕ್ಕೋ 160ಕ್ಕೋ ನಿಲ್ಲುತ್ತದೆ. ಈ ತೂಬಿನ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಿಮ್ಮವರದು ಯಾವ ದಾರಿ ಎಂದು ಗುರುತಿಸಿ

ರಿಪೋರ್ಟಿನಲ್ಲಿರುವ ಹೆಸರನ್ನು ಓದಿ, ಅದು ಕೆಳಗಿನ ಯಾವ ದಾರಿಗೆ ಸೇರುತ್ತದೆ ನೋಡಿ.

ಹೆಚ್ಚು ಜನ ನಡೆಯುವುದು ಬಿಡಿ ಬಡಿತದಿಂದ ಎಎಫ್‌ಗೆ ಹೋಗುವ ದಾರಿಯಲ್ಲಿ. ಮೇಲಿನ ಕೋಣೆಯಲ್ಲಿ ಆಗಾಗ ಒಂದು ಬಡಿತ ಹೊತ್ತಿಗೆ ಮುಂಚೆ ಬೀಳುತ್ತದೆ. "ಒಂದು ಬಡಿತ ತಪ್ಪಿದಂಗೆ ಆಯ್ತು, ಆಮೇಲೆ ಜೋರಾಗಿ ಗುದ್ದಿತು" ಅನ್ನುತ್ತಾರಲ್ಲ, ಅದೇ. ಆರೋಗ್ಯವಂತರಿಗೂ ಇದು ಇರುತ್ತದೆ, ಹೆದರುವುದು ಬೇಡ. ಆದರೆ 1998ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ಮಿಷೆಲ್ ಐಸಗೇರ್ ಮತ್ತು ಅವರ ತಂಡ ಒಂದು ಸಂಗತಿ ತೋರಿಸಿಕೊಟ್ಟಿತು: ಬಿಟ್ಟುಬಿಟ್ಟು ಬರುವ ಎಎಫ್‌ಗೆ ಕಿಡಿ ಹಚ್ಚುವುದು ಬಹಳಷ್ಟು ಸಲ ಶ್ವಾಸಕೋಶದಿಂದ ಎಡ ಮೇಲ್ಕೋಣೆಗೆ ರಕ್ತ ತರುವ ಅಭಿಧಮನಿಗಳ ಬಾಯಲ್ಲಿ ಹುಟ್ಟುವ ಇಂಥ ಬಿಡಿ ಬಡಿತಗಳೇ. ಇವತ್ತು ಎಎಫ್‌ಗೆ ಮಾಡುವ ಅಬ್ಲೇಶನ್ ಎಂಬ, ತೊಂದರೆ ಕೊಡುವ ಜಾಗವನ್ನು ನಿಷ್ಕ್ರಿಯ ಮಾಡುವ ಚಿಕಿತ್ಸೆ ಆ ಬಾಯಿಗಳ ಸುತ್ತ ಬೇಲಿ ಹಾಕುವುದರಿಂದ ಶುರುವಾಗುತ್ತದೆ.

ಎಎಫ್ ಒಮ್ಮೆ ಬಂದ ಮೇಲೆ ತನಗೆ ತಾನೇ ದಾರಿ ಅಗಲ ಮಾಡಿಕೊಳ್ಳುತ್ತದೆ. 1995ರಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟಿನಲ್ಲಿ ಆಡುಗಳ ಮೇಲೆ ಒಂದು ಪ್ರಯೋಗ ನಡೆಯಿತು. ಯಂತ್ರದಿಂದ ಆಡುಗಳಿಗೆ ಎಎಫ್ ಬರಿಸಿದರು. ಮೊದಮೊದಲು ಅದು ಕೆಲವೇ ಸೆಕೆಂಡಿನಲ್ಲಿ ತಾನಾಗಿ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಯಂತ್ರ ಮತ್ತೆ ಬರಿಸುತ್ತಾ ಹೋಯಿತು. ಒಂದು ವಾರದ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಎಲ್ಲ ಆಡುಗಳಲ್ಲೂ ಅದು 24 ಗಂಟೆ ಕಳೆದರೂ ನಿಲ್ಲದಂತಾಯಿತು. ಎಎಫ್ ಎಎಫ್‌ನ್ನೇ ಹೆರುತ್ತದೆ ಅನ್ನುವ ಮಾತು ಹುಟ್ಟಿದ್ದು ಅಲ್ಲಿಂದ. ಮನುಷ್ಯರಲ್ಲೂ ಹೀಗೇ: ಮೊದಲು ಏಳು ದಿನದೊಳಗೆ ತಾನೇ ಹೋಗುತ್ತದೆ, ಆಮೇಲೆ ವಾರ ದಾಟುತ್ತದೆ, ಕೆಲವರಿಗೆ ಕಾಯಂ ಆಗುತ್ತದೆ. "ಬಂದು ಹೋಗುತ್ತೆ, ಬಿಡು" ಎಂದು ಕಳೆಯುವ ವರ್ಷಗಳೇ ಚಿಕಿತ್ಸೆಗೆ ಒಳ್ಳೆಯ ವರ್ಷಗಳು. ಹೊಸದಾಗಿ ಎಎಫ್ ಬಂದವರಲ್ಲಿ ಲಯವನ್ನು ಬೇಗನೆ ಸರಿಗೆ ತರುವುದರಿಂದ ಲಾಭವಿದೆ ಎಂದು 2020ರಲ್ಲಿ ಪ್ರಕಟವಾದ ಯುರೋಪಿನ ಈಸ್ಟ್ ಅಧ್ಯಯನವೂ ತೋರಿಸಿತು.

ಎಎಫ್‌ಗೆ ಒಂದು ಜೋಡಿ ಇದೆ, ಏಟ್ರಿಯಲ್ ಫ್ಲಟರ್. ಇದರಲ್ಲಿ ಸಂಕೇತ ದಿಕ್ಕೆಡುವುದಿಲ್ಲ, ಬಲ ಮೇಲ್ಕೋಣೆಯಲ್ಲಿ ಗಾಣದೆತ್ತಿನ ಹಾಗೆ ಒಂದೇ ಸುತ್ತು ಹಾಕುತ್ತದೆ, ನಿಮಿಷಕ್ಕೆ ಸುಮಾರು 300 ಸಲ. ತೂಬು ಎರಡಕ್ಕೆ ಒಂದನ್ನು ಬಿಟ್ಟರೆ ನಾಡಿ 150. ಕೂತಲ್ಲೇ ನಾಡಿ ಅಲುಗದೆ 150ರಲ್ಲಿ ನಿಂತಿದ್ದರೆ ವೈದ್ಯರಿಗೆ ಮೊದಲು ನೆನಪಾಗುವುದು ಇದೇ. ಫ್ಲಟರಿಗೆ ಅಬ್ಲೇಶನ್ ಮಾಡಿಸಿ ವಾಸಿಯಾಯಿತು ಎಂದುಕೊಂಡವರಲ್ಲಿ ಎಷ್ಟೋ ಜನರಿಗೆ ಕೆಲವು ವರ್ಷಗಳಲ್ಲಿ ಎಎಫ್ ಕಾಣಿಸಿಕೊಳ್ಳುತ್ತದೆ. ಅಬ್ಲೇಶನ್ ಸೋತಿತು ಅಂತಲ್ಲ. ಎರಡಕ್ಕೂ ಬೇರು ಒಂದೇ, ಹಿಗ್ಗಿದ ಅಥವಾ ದಣಿದ ಮೇಲ್ಕೋಣೆ. ಹಾಗಾಗಿ ಫ್ಲಟರ್ ಹೋಯಿತೆಂದು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ನೀವಾಗಿ ಬಿಡಬೇಡಿ.

ಇದರ ಉಲ್ಟಾ ದಾರಿ, ಎಎಫ್‌ನಿಂದ ಫ್ಲಟರಿಗೆ, ಔಷಧಿಯಿಂದ ತೆರೆದುಕೊಳ್ಳಬಹುದು. ಫ್ಲೆಕೈನೈಡ್ ಎಂಬ ಮಾತ್ರೆ ಎಎಫ್ ನಿಲ್ಲಿಸುತ್ತದೆ. ಆದರೆ ಕೆಲವರಲ್ಲಿ ಎಎಫ್‌ನ್ನು ನಿಧಾನಗತಿಯ ಫ್ಲಟರ್ ಮಾಡಿಬಿಡುತ್ತದೆ. ಮೇಲಿನ ಸುತ್ತು 300ರಿಂದ 200ಕ್ಕೆ ಇಳಿದಾಗ ತೂಬು ಅಷ್ಟನ್ನೂ ಬಿಟ್ಟುಬಿಡಬಹುದು, ನಾಡಿ 150ರಿಂದ 200ಕ್ಕೆ ಹಾರುತ್ತದೆ. ಅದಕ್ಕೇ ಅದರ ಜೊತೆ ತೂಬನ್ನು ಬಿಗಿಮಾಡುವ ಮೆಟೊಪ್ರೊಲಾಲ್‌ನಂಥ ಇನ್ನೊಂದು ಮಾತ್ರೆ ಕೊಡುತ್ತಾರೆ. "ಎರಡೆರಡು ಯಾಕೆ, ಒಂದು ಸಾಕು" ಎಂದು ಅದನ್ನು ಬಿಡುವವರನ್ನು ನಾನು ಕಂಡಿದ್ದೇನೆ.

ಇನ್ನು ಎಸ್‌ವಿಟಿ. ನಿಂತ ನಿಲುವಿನಲ್ಲಿ ಸ್ವಿಚ್ ಹಾಕಿದಂತೆ 180ಕ್ಕೆ ಏರಿ, ಸ್ವಿಚ್ ಆರಿಸಿದಂತೆ ಇಳಿಯುವ ಓಟ. ಹುಟ್ಟಿನಿಂದಲೇ ಇರುವ ಒಂದು ಹೆಚ್ಚುವರಿ ತಂತಿಯಿಂದ ಇದು ಬರುವುದುಂಟು. ಹೀಗೆ ಓಡುತ್ತಾ ಓಡುತ್ತಾ ಮೇಲ್ಕೋಣೆ ದಣಿದು ಎಎಫ್‌ಗೆ ಬೀಳಬಹುದು. ಅಮ್ಮನಿಗೆ ಆದದ್ದು ಇದೇ ಇರಬೇಕು ಎಂದು ತಜ್ಞರು ಹೇಳಿದರು, ಇರಬೇಕು ಎಂದಷ್ಟೇ, ಯಾಕೆಂದರೆ ಕಾಗದ ಖಾಲಿ. ಆ ಹೆಚ್ಚುವರಿ ತಂತಿ ಇಸಿಜಿಯಲ್ಲಿ ಕಾಣುವಂತಿದ್ದರೆ ಅದಕ್ಕೆ 1930ರಲ್ಲಿ ಅದನ್ನು ವಿವರಿಸಿದ ಮೂವರ ಹೆಸರಿನಲ್ಲಿ ವುಲ್ಫ್-ಪಾರ್ಕಿನ್ಸನ್-ವೈಟ್, ಅಂದರೆ ಡಬ್ಲ್ಯುಪಿಡಬ್ಲ್ಯು ಎನ್ನುತ್ತಾರೆ. ಇದು ಕೆರೆ ಏರಿಯಲ್ಲಿ ಬಿದ್ದ ಬಿಲವಿದ್ದಂತೆ: ಎಎಫ್ ಬಂದಾಗ ನೀರು ತೂಬನ್ನು ತಪ್ಪಿಸಿ ಆ ಬಿಲದಲ್ಲಿ ನುಗ್ಗಿ, ಕೆಳಗಿನ ಕೋಣೆಯನ್ನು ಪ್ರಾಣಾಂತಿಕ ಕಂಪನಕ್ಕೆ ತಳ್ಳಬಹುದು. ಅಂಥ ಹೊತ್ತಿನಲ್ಲಿ ತೂಬು ಮುಚ್ಚುವ ವೆರಾಪಮಿಲ್, ಡಿಗಾಕ್ಸಿನ್ ಕೊಟ್ಟರೆ ಅಪಾಯ ಇನ್ನೂ ಹೆಚ್ಚು. ಡಬ್ಲ್ಯುಪಿಡಬ್ಲ್ಯು ಎಂದು ಗೊತ್ತಾದವರು, ಮುಖ್ಯವಾಗಿ ಚಿಕ್ಕ ವಯಸ್ಸಿನವರು, ಆ ಮೂರು ಇಂಗ್ಲಿಷ್ ಅಕ್ಷರಗಳನ್ನು ಪರ್ಸಿನಲ್ಲಿ ಬರೆದಿಟ್ಟುಕೊಳ್ಳಲೇಬೇಕು. ಅಬ್ಲೇಶನ್ನಿನಿಂದ ಆ ತಂತಿಯನ್ನು ಸುಟ್ಟು ತೆಗೆಯಲು ಬರುತ್ತದೆ, ಬಹುತೇಕರಿಗೆ ಅಲ್ಲಿಗೆ ಮುಗಿಯುತ್ತದೆ.

ವೇಗದಿಂದ ನಿಧಾನಕ್ಕೆ ಹೋಗುವ ದಾರಿ ನಮ್ಮ ಮನೆಯ ಮೂರನೆಯ ಹೆಸರು. ಎಎಫ್ ಇದ್ದಷ್ಟು ಹೊತ್ತು ಸೈನಸ್ ನೋಡ್ ಅದರ ಗದ್ದಲದಲ್ಲಿ ಅದುಮಿಹೋಗಿರುತ್ತದೆ. ಎಎಫ್ ನಿಂತ ಕ್ಷಣ ಅದು ಎದ್ದು ಕೆಲಸ ಹಿಡಿಯಬೇಕು. ವಯಸ್ಸಾದವರಲ್ಲಿ ಅದು ತಡಮಾಡುತ್ತದೆ: ಮೂರು, ನಾಲ್ಕು, ಐದು ಸೆಕೆಂಡು ಬಡಿತವೇ ಇಲ್ಲ. ಅಮ್ಮ ಹೇಳುತ್ತಿದ್ದದ್ದು ಹೀಗೆ: "ಡವಡವ ನಿಂತಿತು, ಅಬ್ಬಾ ಅನ್ನೋದರೊಳಗೆ ಲೈಟ್ ಹೋಯ್ತು." ಈ ಮಾತನ್ನು ಯಾರೂ ಗಮನವಿಟ್ಟು ಕೇಳಿಸಿಕೊಳ್ಳಲಿಲ್ಲ, ನಾನೂ ಕೇಳಿಸಿಕೊಳ್ಳಲಿಲ್ಲ. ಓಟ ನಿಂತ ಕೂಡಲೇ ಕಣ್ಣು ಕತ್ತಲಾಗುವುದು ಈ ತೊಂದರೆಯ ಗುರುತು. ಮೇಲಾಗಿ ಓಟಕ್ಕೆ ಕೊಡುವ ಮಾತ್ರೆ ನಿಧಾನವನ್ನು ಇನ್ನಷ್ಟು ನಿಧಾನ ಮಾಡುತ್ತದೆ. ಪೇಸ್‌ಮೇಕರ್ ಹಾಕಿದರೆ ಬೀಳುವ ಭಯ ಹೋಗುತ್ತದೆ, ಆಗ ಓಟಕ್ಕೆ ಮಾತ್ರೆಯನ್ನೂ ಧೈರ್ಯವಾಗಿ ಕೊಡಬಹುದು. ಕೆಲವರಿಗೆ ಎಎಫ್‌ನ್ನೇ ಅಬ್ಲೇಶನ್ನಿನಿಂದ ಹತೋಟಿಗೆ ತಂದರೆ ಪೇಸ್‌ಮೇಕರ್ ಬೇಕಾಗುವುದಿಲ್ಲ. ಎರಡನ್ನೂ ಕೇಳಿ ತಿಳಿದುಕೊಳ್ಳಿ.

ನಿಧಾನದಿಂದ ಅಪಾಯದ ವೇಗಕ್ಕೆ ಹೋಗುವ ದಾರಿಯೂ ಇದೆ. ಬಡಿತ ತೀರಾ ನಿಧಾನವಾದಾಗ, ಪೊಟ್ಯಾಶಿಯಂ ಅಥವಾ ಮೆಗ್ನೀಶಿಯಂ ಇಳಿದಾಗ, ಕೆಲವು ಔಷಧಿ ತೆಗೆದುಕೊಂಡಾಗ ಪ್ರತಿ ಬಡಿತದ ನಂತರ ಹೃದಯ ಚೇತರಿಸಿಕೊಳ್ಳಲು ಹಿಡಿಯುವ ಸಮಯ ಉದ್ದವಾಗುತ್ತದೆ. ಇಸಿಜಿಯಲ್ಲಿ ಇದನ್ನು ಕ್ಯೂಟಿ ಎಂದು ಅಳೆಯುತ್ತಾರೆ. ಆ ಚೇತರಿಕೆ ಮುಗಿಯುವ ಮೊದಲೇ ಒಂದು ಬಿಡಿ ಬಡಿತ ಬಿದ್ದರೆ ಟೊರ್ಸಾಡ್ ಎಂಬ ತಿರುಚು ಓಟ ಶುರುವಾಗಬಹುದು. ಮಾತ್ರೆಗಳ ವಿಷಯ ಬಂದಾಗ ಇದಕ್ಕೆ ಮರಳುತ್ತೇನೆ.

ಕೆಳಗಿನ ಕೋಣೆಯ ಬಿಡಿ ಬಡಿತಗಳನ್ನು ಪಿವಿಸಿ ಎನ್ನುತ್ತಾರೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅದರಲ್ಲಿ ಹತ್ತನೇ ಒಂದಕ್ಕಿಂತ ಹೆಚ್ಚು ಪಿವಿಸಿ ಆಗಿ, ಅದು ತಿಂಗಳುಗಟ್ಟಲೆ ನಡೆದರೆ ಕೆಲವರಲ್ಲಿ ಹೃದಯದ ಸ್ನಾಯುವೇ ಸೋಲುತ್ತದೆ. ಹಿಂದೆ ಹೃದಯಾಘಾತವಾದವರಲ್ಲಿ ಉಳಿದ ಗಾಯದ ಕಲೆಯ ಸುತ್ತ ವಿಟಿ ಎಂಬ ಓಟ ಹುಟ್ಟಿ, ಅದು ವಿಎಫ್‌ಗೆ ತಿರುಗುವುದುಂಟು. ವಿಎಫ್ ಎಂದರೆ ಹೃದಯ ಬಡಿಯುವುದನ್ನು ಬಿಟ್ಟು ಬರೀ ನಡುಗುವುದು.

ನಾಡಿ ಹಿಡಿಯುವುದು ಕಲಿಯಿರಿ

ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದಿಂದ ಕೆಳಗೆ, ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಎರಡು ಬೆರಳಿಡಿ. ಗೋಡೆ ಗಡಿಯಾರ ನೋಡುತ್ತಾ ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಇಲ್ಲಿ ಬೇಡ, ಲಯ ತಪ್ಪಿದ ನಾಡಿಯಲ್ಲಿ ಒಂದು ಕಾಲು ನಿಮಿಷ ಇನ್ನೊಂದರ ಹಾಗೆ ಇರುವುದಿಲ್ಲ. ಎಷ್ಟು ಎಂಬುದರ ಜೊತೆಗೆ ಹೇಗೆ ಎಂಬುದನ್ನೂ ಬರೆಯಿರಿ: ಸಮವಾಗಿತ್ತೇ, ನಡುವೆ ಒಂದೆರಡು ತಪ್ಪುತ್ತಿತ್ತೇ, ಇಲ್ಲಾ ಹೆಂಚಿನ ಮೇಲೆ ಮಳೆ ಬಿದ್ದಂತೆ ಯಾವ ಲೆಕ್ಕಕ್ಕೂ ಸಿಗದಂತಿತ್ತೇ? ಆ ಮಳೆಯ ನಾಡಿ ಎಎಫ್‌ದಿರಬಹುದು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಪೂರ್ತಿ ನಂಬಬೇಡಿ. ಮುಂಚೆ ಬಿದ್ದ ಬಡಿತದಲ್ಲಿ ಹೃದಯ ಸರಿಯಾಗಿ ತುಂಬಿರುವುದಿಲ್ಲ, ಆ ಬಡಿತ ಬೆರಳಿನವರೆಗೆ ಮುಟ್ಟುವುದೇ ಇಲ್ಲ. ಒಂದು ಬಿಟ್ಟು ಒಂದು ಹೀಗಾದರೆ ಹೃದಯ 80 ಬಡಿಯುತ್ತಿದ್ದರೂ ಯಂತ್ರ 40 ಎನ್ನುತ್ತದೆ. ಒಂದು ರಾತ್ರಿ ನಾವು ಹೀಗೆ 42 ನೋಡಿ ಕೈಕಾಲು ತಣ್ಣಗಾಗಿ ಕೂತಿದ್ದೆವು.

ಎದೆ ಓಡುತ್ತಿರುವಾಗಲೇ ಇಸಿಜಿ ತೆಗೆಸಿ

ಈ ಬರಹದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಓಟ ನಿಂತ ಮೇಲಿನ ಇಸಿಜಿ ಹೆಚ್ಚಾಗಿ "ನಾರ್ಮಲ್". ಆ ನಾರ್ಮಲ್ ಕಾಗದವೇ ಅಮ್ಮನ ತೊಂದರೆಗೆ ನಾಲ್ಕು ವರ್ಷ "ಗ್ಯಾಸ್" ಎಂಬ ಹೆಸರು ಕೊಡಿಸಿತು. ಎದೆ ಓಡುತ್ತಿದೆ, ಆದರೆ ಮಾತನಾಡುವಷ್ಟು ಶಕ್ತಿಯಿದೆ ಎಂದರೆ ದೂರದ ದೊಡ್ಡ ಆಸ್ಪತ್ರೆಗೆ ಹೊರಡುವ ಮೊದಲು ಹತ್ತಿರದ ಯಾವುದೇ ಕ್ಲಿನಿಕ್ಕಿನಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಇಸಿಜಿ ತೆಗೆಸಿ. ಕಾಗದ ಕೈಗೆ ಬಂದ ಕೂಡಲೇ ಬೆಳಕಿನಲ್ಲಿ ಹರಡಿ ಫೋನಿನಲ್ಲಿ ಚಿತ್ರ ತೆಗೆಯಿರಿ, ದಿನಾಂಕ ಕಾಣುವಂತೆ. ಜೆರಾಕ್ಸ್ ಮಾಡಿಸಿ. ಮೂಲ ಕಾಗದವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಆ ಬಿಸಿಗೆ ಅದು ಪೂರ್ತಿ ಕಪ್ಪಾಗುತ್ತದೆ.

ತೊಂದರೆ ಬಂದು ಬೇಗ ಹೋಗುವುದಾದರೆ 24 ಗಂಟೆಯ ಹೋಲ್ಟರ್, ಅಂದರೆ ಬಡಿತವನ್ನು ಬಿಡದೆ ದಾಖಲಿಸುವ ಪುಟ್ಟ ಯಂತ್ರ ಕಟ್ಟುತ್ತಾರೆ. ವಾರಕ್ಕೊಮ್ಮೆ ಬರುವ ತೊಂದರೆ ಆ 24 ಗಂಟೆಯಲ್ಲೇ ಬರಬೇಕೆಂದೇನಿಲ್ಲ. ಹೆಚ್ಚು ದಿನದ ಮಾನಿಟರ್ ಸಾಧ್ಯವೇ ಕೇಳಿ. ಇಸಿಜಿ ತೆಗೆಯುವ ಕೈಗಡಿಯಾರ ಇದ್ದರೆ ಅದರ ಗೆರೆಯನ್ನೂ ಉಳಿಸಿ ತೋರಿಸಿ.

ಎಸ್‌ವಿಟಿ ಎಂದು ಖಚಿತವಾದವರಿಗೆ ವೈದ್ಯರು ಒಂದು ಉಪಾಯ ಹೇಳಿಕೊಡುತ್ತಾರೆ. ಒರಗಿ ಕೂತು, 10 ಎಂಎಲ್ ಸಿರಿಂಜಿನ ಬಾಯಿಗೆ ಅದರ ದಂಡ ಸ್ವಲ್ಪ ಸರಿಯುವಷ್ಟು ಜೋರಾಗಿ 15 ಸೆಕೆಂಡು ಊದುವುದು; ತಕ್ಷಣ ಅಂಗಾತ ಮಲಗಿ, ಇನ್ನೊಬ್ಬರು ಕಾಲುಗಳನ್ನು 15 ಸೆಕೆಂಡು ಎತ್ತಿ ಹಿಡಿಯುವುದು. 2015ರ ಬ್ರಿಟನ್ನಿನ ಅಧ್ಯಯನದಲ್ಲಿ ಹೀಗೆ ಮಾಡಿದ 43% ಜನರಲ್ಲಿ ಓಟ ನಿಂತಿತು. ಬರೀ ಕೂತು ಊದಿದವರಲ್ಲಿ 17%. ಇದರಿಂದ ಎಎಫ್ ನಿಲ್ಲುವುದಿಲ್ಲ.

ಮಾತ್ರೆಗಳ ಒಂದೇ ಪಟ್ಟಿ ಇರಲಿ

ಅಮ್ಮನಿಗೆ ಅಮಿಯೊಡರಾನ್ ಎಂಬ ಲಯದ ಮಾತ್ರೆ ನಡೆಯುತ್ತಿದ್ದಾಗ ಹೊಟ್ಟೆಯುಬ್ಬರಕ್ಕೆ ಮೆಡಿಕಲ್ ಶಾಪಿನಿಂದ ಗ್ಯಾಸಿನ ಕ್ಯಾಪ್ಸೂಲ್ ತಂದುಕೊಟ್ಟವಳು ನಾನೇ. ಪ್ಯಾಂಟೊಪ್ರಜೋಲ್ ಜೊತೆ ಡಾಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲ್ ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಅಮಿಯೊಡರಾನ್ ಕ್ಯೂಟಿ ಉದ್ದ ಮಾಡುತ್ತದೆ, ಡಾಂಪೆರಿಡೋನ್ ಕೂಡ. ಜೊತೆಗೆ ಆ ವಾರ ಭೇದಿಯೂ ಆಗಿ ಪೊಟ್ಯಾಶಿಯಂ ಇಳಿದಿತ್ತು. ಇಸಿಜಿ ನೋಡಿದ ವೈದ್ಯರ ಮುಖ ಬದಲಾದದ್ದನ್ನು ನಾನು ಮರೆತಿಲ್ಲ. ಅಜಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್, ಫ್ಲುಕೊನಜೋಲ್, ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್ ಇವೂ ಅದೇ ಗುಂಪಿನವು. ಲಯದ ತೊಂದರೆ ಇರುವವರಿಗೆ ಯಾರೇ ಹೊಸ ಮಾತ್ರೆ ಬರೆದರೂ "ಇದು ಕ್ಯೂಟಿ ಉದ್ದ ಮಾಡುತ್ತದೆಯೇ?" ಎಂದು ಕೇಳಿ.

ವಾಂತಿ-ಭೇದಿ ಆದಾಗ, ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ ತೆಗೆದುಕೊಳ್ಳುವವರಿಗೆ ಸುಸ್ತಾದಾಗ ಪೊಟ್ಯಾಶಿಯಂ ಪರೀಕ್ಷೆ ಮಾಡಿಸಿ. ಎಳನೀರಿನಲ್ಲಿ ಪೊಟ್ಯಾಶಿಯಂ ಚೆನ್ನಾಗಿದೆ, ಆದರೆ ಕಿಡ್ನಿ ತೊಂದರೆ ಇರುವವರಿಗೆ ಅದೇ ಹೆಚ್ಚಾಗಿ ಹೃದಯಕ್ಕೆ ಕೇಡು.

ರಕ್ತ ಹೆಪ್ಪುಗಟ್ಟದಂತೆ ನೋಡುವ ಮಾತ್ರೆ ಲಯದ ಮಾತ್ರೆಯಲ್ಲ, ಪಾರ್ಶ್ವವಾಯು ತಡೆಯುವ ಮಾತ್ರೆ. ಎಎಫ್ ಇದ್ದವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಎಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ತೋರಿಸಿದೆ. ಎದೆ ಓಡುವುದು ನಿಂತಿತೆಂದು ಇದನ್ನು ಬಿಡಬಾರದು. ಮಂಡಿನೋವಿಗೆ ಡೈಕ್ಲೊಫೆನಾಕ್ ನುಂಗಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ಬಾಲ್ಯದ ರುಮಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿ ಎಎಫ್ ಬಂದವರು ನಮ್ಮಲ್ಲಿ ಬಹಳ. ಅವರಿಗೆ ವಾರ್ಫರಿನ್ ಅಥವಾ ಅಸಿನೊಕುಮರಾಲ್ ಅನ್ನೇ ಕೊಡುತ್ತಾರೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐಎನ್‌ಆರ್ ಹೆಚ್ಚಾಗಿ 2ರಿಂದ 3ರ ನಡುವೆ ಇರಬೇಕು. ಪಕ್ಕದ ಮನೆಯವರ ಹೊಸ ಮಾತ್ರೆಯಲ್ಲಿ ರಕ್ತಪರೀಕ್ಷೆ ಬೇಡವೆಂದು ನೀವೂ ಅದಕ್ಕೆ ಬದಲಾಗಬೇಡಿ. ಸೊಪ್ಪಿನಿಂದ ವಾರ್ಫರಿನ್ನಿನ ಪರಿಣಾಮ ಏರುಪೇರಾಗುತ್ತದೆಂದು ಅದನ್ನು ಬಿಡಬೇಕಿಲ್ಲ, ಒಂದು ವಾರ ಉಪವಾಸ ಒಂದು ವಾರ ಹಬ್ಬ ಮಾಡದಿದ್ದರೆ ಸಾಕು.

ವೈದ್ಯರನ್ನು ಇಷ್ಟು ಕೇಳಿ

ಈ ಲಯ ತೊಂದರೆಗೆ ಹಿಂದೆ ಬೇರೊಂದು ಇತ್ತೇ, ಹಳೆಯ ಇಸಿಜಿಗಳನ್ನು ಒಟ್ಟಿಗೆ ಇಟ್ಟು ನೋಡುತ್ತೀರಾ? ಇದು ಮುಂದೆ ಯಾವುದಕ್ಕೆ ತಿರುಗಬಹುದು, ತಿರುಗಿದರೆ ನಮಗೆ ಹೇಗೆ ಗೊತ್ತಾಗುತ್ತದೆ? ಥೈರಾಯ್ಡ್ ನೋಡಿದ್ದೀರಾ? ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ನೋಡಬೇಕೇ? ಈ ಕೊನೆಯದನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಗೊರಕೆ ಎಂದರೆ ಒಳ್ಳೆಯ ನಿದ್ದೆ ಎಂದುಕೊಳ್ಳುತ್ತೇವೆ. ಬಿಪಿ, ತೂಕ, ಮದ್ಯ, ಗೊರಕೆ ಈ ನಾಲ್ಕನ್ನೂ ಹಿಡಿತಕ್ಕೆ ತಂದವರಲ್ಲಿ ಎಎಫ್ ಮರುಕಳಿಸುವುದು ಕಡಿಮೆ. ಮದ್ಯ ಬಿಟ್ಟವರಲ್ಲಿ ಎಎಫ್ ಕಡಿಮೆಯಾದದ್ದನ್ನು 2020ರ ಆಸ್ಟ್ರೇಲಿಯಾದ ಅಧ್ಯಯನವೂ ಕಂಡಿದೆ.

ಲಯದ ತೊಂದರೆಗೇ ಮೀಸಲಾದ ತಜ್ಞರನ್ನು ಎಲೆಕ್ಟ್ರೋಫಿಸಿಯಾಲಜಿಸ್ಟ್ ಎನ್ನುತ್ತಾರೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ ಸಿಗುತ್ತಾರೆ. ಹೆಸರು ಎರಡನೆಯ ಸಲ ಬದಲಾಯಿತೆಂದರೆ ಅವರಲ್ಲಿಗೆ ಒಮ್ಮೆ ಹೋಗಿ ಬನ್ನಿ.

ಒಂದು ಕ್ಷಣವೂ ಕಾಯಬಾರದ ಹೊತ್ತು

ಓಟದ ಜೊತೆ ಎದೆನೋವು, ಉಸಿರು ಸಿಗದಿರುವುದು, ತಣ್ಣನೆ ಬೆವರು, ಪ್ರಜ್ಞೆ ತಪ್ಪುವುದು. ಬಾಯಿ ಸೊಟ್ಟಗಾಗುವುದು, ಒಂದು ಕೈ ಜೋಲುವುದು, ಮಾತು ತೊದಲುವುದು: ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆಮಾಡಿ. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ನಾಲ್ಕೂವರೆ ಗಂಟೆ, ಆದ್ದರಿಂದ ಲಕ್ಷಣ ಶುರುವಾದ ಗಂಟೆಯನ್ನು ಬರೆದುಕೊಳ್ಳಿ.

ಮನುಷ್ಯ ಕುಸಿದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ ನೀರು ಕುಡಿಸುವುದು, ಕೈಗೆ ಕಬ್ಬಿಣ ಕೊಡುವುದು ಯಾವುದೂ ಬೇಡ. ಎದೆಯ ನಡುಮಧ್ಯೆ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಇಳಿಯುವಷ್ಟು ಒತ್ತಿ. ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಸಿಕ್ಕರೆ ತರಿಸಿ, ಅದು ಹೇಳಿದಂತೆ ಮಾಡಿ. ಸಹಾಯವಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ 7ರಿಂದ 10% ಇಳಿಯುತ್ತದೆ.

ಅಮ್ಮನ ಪರ್ಸಿನಲ್ಲಿ ಈಗ ಪೇಸ್‌ಮೇಕರಿನ ಕಾರ್ಡ್ ಇದೆ. ಅದರ ಹಿಂದೆ ಮಡಚಿಟ್ಟ ಒಂದು ಚೀಟಿ: ಮೂರು ಹೆಸರುಗಳು ಬಂದ ಕ್ರಮದಲ್ಲಿ, ಮಾತ್ರೆಗಳ ಪಟ್ಟಿ, ನನ್ನ ಫೋನ್ ನಂಬರು. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಅವಳೇ ಬರೆದುಕೊಂಡಿದ್ದಾಳೆ, "ಗ್ಯಾಸ್ ಮಾತ್ರೆ ಕೇಳದೆ ಕೊಡಬೇಡಿ."